ಗರಿಕೆಯ ಹಾಸಿಗೆ ರಾಗಿಯ ಹದ

ವೈಟ್‌ಫೀಲ್ಡಿನ ಆಚೆ, ಹೊಸಕೋಟೆಯ ಕಡೆಗೆ ಹೊರಳುವ ಹಾದಿಯ ಬದಿಯಲ್ಲಿ, ಇನ್ನೂ ಬಣ್ಣದ ವಾಸನೆ ಆರದಿದ್ದ ಒಂದು ಕಚೇರಿಯ ಮುಂದಣ ಬರಿನೆಲದಲ್ಲಿ, ಮುಂಗಾರಿನ ಒಂದು ಬೆಳಗ್ಗೆ, ವಯಸ್ಸಾದ ತೋಟಗಾರರೊಬ್ಬರು ಮೊಣಕಾಲೂರಿ ಕುಳಿತು, ಕೆಂಪು ಮಣ್ಣನ್ನು ಒಂದು ಹಿಡಿ ಎತ್ತಿಕೊಂಡು, ಅಂಗೈಯಲ್ಲಿ ಅದುಮಿ ಉಂಡೆಮಾಡಿ, ಅನಂತರ ಹೆಬ್ಬೆರಳಿನಿಂದ ಮೆಲ್ಲನೆ ತಳ್ಳಿ ನೋಡುತ್ತಿದ್ದುದನ್ನು ಕಂಡೆ. ಉಂಡೆ ಒಡೆಯಲಿಲ್ಲ, ಬೆರಳಿನ ಗುರುತನ್ನು ಹೊತ್ತು ಹಾಗೆಯೇ ನಿಂತಿತು. ಪಕ್ಕದಲ್ಲಿ ಹುಲ್ಲಿನ ಬೀಜದ ಚೀಲವನ್ನು ಬಿಚ್ಚಿಕೊಂಡು ನಿಂತಿದ್ದ ಹುಡುಗನಿಗೆ ಅವರು, “ಇವತ್ತು ಬ್ಯಾಡ ಕಣಪ್ಪ, ಚೀಲ ಕಟ್ಟು. ನೆಲ ಇನ್ನೂ ಅಂಟೈತೆ. ನಾಳೆ ಹೊತ್ತು ಇಳಿಯೋ ಹೊತ್ತಿಗೆ ಹದಕ್ಕೆ ಬತ್ತದೆ” ಎಂದರು. ಈ ವಿದ್ಯೆಯನ್ನು ಎಲ್ಲಿ ಕಲಿತಿರಿ ಯಜಮಾನರೇ ಎಂದು ನಾನು ಕೇಳಿದಾಗ, ಪ್ರಶ್ನೆಯೇ ಅವರಿಗೆ ವಿಚಿತ್ರವಾಗಿ ಕಂಡಿತು. “ಕಲಿಯೋದೇನು ಸ್ವಾಮಿ? ನಮ್ಮಪ್ಪ ರಾಗಿ ಚೆಲ್ಲೋವಾಗ ಇಂಗೇ ನೋಡ್ತಿದ್ದ.”

ಬೆಂಗಳೂರಿನ ಹೊರವಲಯದ ಹುಲ್ಲುಹಾಸುಗಳ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ದಂಡುಪ್ರದೇಶದ ಬಂಗಲೆಗಳಿಂದಲೋ ಲಾಲ್‌ಬಾಗಿನಿಂದಲೋ ಪ್ರಾರಂಭಿಸುತ್ತಾರೆ. ಅದು ತಪ್ಪೂ ಅಲ್ಲ. ಆದರೆ ಆ ವೃದ್ಧರ ಮಾತನ್ನು ಕೇಳಿದಂದಿನಿಂದ ನನಗೆ ದೃಢವಾಗಿ ತೋರುವುದೇನೆಂದರೆ, ಹುಲ್ಲುಹಾಸಿನ ಅಭಿರುಚಿಯು ಪಶ್ಚಿಮದಿಂದ ಬಂದುದಾದರೂ ಅದನ್ನು ಬರಿಮಣ್ಣಿನಿಂದ ಎಬ್ಬಿಸಿದ ಕೌಶಲವು ಈ ನೆಲದ್ದೇ ಆಗಿದೆ. ಸಾಸಿವೆಗಿಂತ ಕಿರಿದಾದ ಬೀಜವೊಂದಕ್ಕೆ ಮಣ್ಣನ್ನು ಹಾಸಿಗೆಯಂತೆ ಅಣಿಗೊಳಿಸಿ, ಮಳೆಯ ಮುಹೂರ್ತವನ್ನು ಕಾಯ್ದು, ಕೈಯಳತೆಯಿಂದ ಸಮನಾಗಿ ಚೆಲ್ಲಿ, ಮೇಲೆ ತೆಳುವಾಗಿ ಮಣ್ಣು ಮುಚ್ಚುವ ವಿದ್ಯೆಯನ್ನು ಈ ಬಯಲಿನ ಒಕ್ಕಲುಮಕ್ಕಳು ಶತಮಾನಗಳ ಕಾಲ ರಾಗಿಯ ಹೊಲದಲ್ಲಿ ಅಭ್ಯಾಸಮಾಡಿದ್ದರು.

ರಾಗಿಯೂ ಒಂದು ಹುಲ್ಲೇ ಎಂಬುದನ್ನು ನಾವು ಊಟದ ಎಲೆಯ ಮುಂದೆ ಮರೆಯುತ್ತೇವೆ. ಗರಿಕೆಯೂ ರಾಗಿಯೂ ಒಂದೇ ತೃಣಕುಲಕ್ಕೆ ಸೇರಿದ ದಾಯಾದಿಗಳು. ಸಸ್ಯಶಾಸ್ತ್ರಜ್ಞ ಗೇರ್ಟ್ನರನು 1788ರಲ್ಲಿ ರಾಗಿಗೆ ಇಟ್ಟ ಎಲ್ಯೂಸಿನ್ ಎಂಬ ಹೆಸರು ಗ್ರೀಕರ ಧಾನ್ಯದೇವತೆಯ ಕ್ಷೇತ್ರವಾದ ಎಲ್ಯೂಸಿಸಿನಿಂದ ಬಂದುದು. ಅದರ ಜೊತೆಯ ಕೊರಕಾನ ಎಂಬುದು ಸಿಂಹಳೀಯರು ರಾಗಿಯನ್ನು ಕರೆಯುವ ಕುರಕ್ಕನ್ ಎಂಬ ಮಾತಿನ ರೂಪಾಂತರ. ಆಫ್ರಿಕದ ಪೂರ್ವಭಾಗದ ಎತ್ತರದ ನಾಡುಗಳಲ್ಲಿ ಮನುಷ್ಯನ ಕೈಗೆ ಪಳಗಿ, ಕಡಲು ದಾಟಿ ಬಂದ ಈ ಹುಲ್ಲು, ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಮೇಲಿರುವ ನಮ್ಮ ಕೆಮ್ಮಣ್ಣಿನ ಪ್ರಸ್ಥಭೂಮಿಯನ್ನು ತನ್ನ ತವರೆಂಬಂತೆ ಒಪ್ಪಿಕೊಂಡಿತು. ಟಿಪ್ಪುಸುಲ್ತಾನನ ಪತನದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ಲನ ಆಜ್ಞೆಯಂತೆ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನನು ಬೆಂಗಳೂರಿನ ಸುತ್ತಣ ಒಣಬೇಸಾಯದಲ್ಲಿ ರಾಗಿಯೇ ಪ್ರಧಾನವೆಂಬುದನ್ನು ಕಂಡು, ಅದನ್ನು ಉಳುವ, ಬಿತ್ತುವ, ಹರಗುವ ಕ್ರಮಗಳನ್ನು ತುಂಬ ತಾಳ್ಮೆಯಿಂದ ಬರೆದಿಟ್ಟಿದ್ದಾನೆ. ಆ ಪ್ರವಾಸಕಥನವು 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು.

ಆ ಕ್ರಮಗಳಲ್ಲಿ ಅರ್ಧಪಾಲು ಬೀಜಕ್ಕಿಂತ ಮೊದಲೇ ಮುಗಿಯತಕ್ಕವು. ಸುಗ್ಗಿಯಾದಮೇಲೆ ನೆಲ ಬಿಗಿಯುವುದಕ್ಕೆ ಮುಂಚೆ ಮಾಗಿ ಉಳುಮೆ. ಬೇಸಗೆಯ ಮೊದಲ ಹನಿಗಳಿಗೆ ಮತ್ತೊಮ್ಮೆ, ಅಡ್ಡಲಾಗಿ ಇನ್ನೊಮ್ಮೆ. ಬಳಿಕ ಕೊಟ್ಟಿಗೆ ಗೊಬ್ಬರ, ಅನುಕೂಲವಿದ್ದಲ್ಲಿ ಬತ್ತಿದ ಕೆರೆಯ ಗೋಡು. ಅನಂತರ ಕುಂಟೆ, ಹಲುಬೆ, ಹಲಗೆ, ಹೀಗೆ ಒಂದೊಂದೂ ಹೆಂಟೆಯನ್ನು ಇನ್ನಷ್ಟು ಕಿರಿದಾಗಿ ಒಡೆಯುತ್ತ ಬಂದು, ಕೊನೆಯಲ್ಲಿ ಹೊಲವು ಜರಡಿಯಾಡಿದ ಹಿಟ್ಟಿನಂತಾಗಬೇಕು. ಇಷ್ಟು ಶ್ರಮ ಯಾತಕ್ಕೆಂದರೆ, ಸಾವಿರ ರಾಗಿಕಾಳು ತೂಗಿದರೆ ಎರಡೂವರೆ ಮೂರು ಗ್ರಾಮಿನ ಮೇಲಾಗುವುದಿಲ್ಲ; ಅಂಥ ಕಾಳು ಹೆಂಟೆಯ ಸಂದಿಯಲ್ಲಿ ಆಳಕ್ಕೆ ಜಾರಿದರೆ ಮೊಳಕೆಯು ಬೆಳಕನ್ನು ಕಾಣದೆಯೇ ಸಾಯುತ್ತದೆ, ಮೇಲೆಯೇ ನಿಂತರೆ ಇರುವೆಗೂ ಗುಬ್ಬಚ್ಚಿಗೂ ಆಹಾರವಾಗುತ್ತದೆ. ಎರಡು ಬೆರಳಿನ ಅಗಲಕ್ಕೂ ಕಡಮೆಯಾದ ಆ ಮಣ್ಣಿನ ಪದರದಲ್ಲಿಯೇ ಒಕ್ಕಲಿನ ವರ್ಷದ ಅನ್ನವು ನಿರ್ಣಯವಾಗುತ್ತಿತ್ತು. ಬೆದೆ ಬಂತೆ, ಬೆದೆ ಆರಿತೆ ಎಂಬ ಮಾತು ಹಳ್ಳಿಯ ಜಗಲಿಗಳಲ್ಲಿ ಮದುವೆಯ ಮಾತಿಗಿಂತ ಹೆಚ್ಚು ಗಂಭೀರವಾಗಿ ನಡೆಯುತ್ತಿದ್ದುದು ಇದರಿಂದಲೇ.

ಆ ಹೊಲದಲ್ಲಿ ಒಕ್ಕಲಿಗನ ಪರಮಶತ್ರುವಾಗಿದ್ದುದು ಯಾವುದು? ಗರಿಕೆ. ನೇಗಿಲ ಮೊನೆಗೆ ಸಿಕ್ಕಿ ತುಂಡಾದಷ್ಟೂ ಪ್ರತಿ ಗೆಣ್ಣಿನಿಂದ ಹೊಸ ಬೇರು ಬಿಟ್ಟು ಹಬ್ಬುವ ಈ ಹುಲ್ಲನ್ನು ಉರಿಬಿಸಿಲಿನಲ್ಲಿ ಮಣ್ಣು ಮಗುಚಿ, ಬೇರನ್ನು ಆರಿಸಿ, ಬದುವಿನ ಮೇಲೆ ಒಣಗಿಸಿ ಸುಡುತ್ತಿದ್ದರು. ಅದೇ ಮನೆಯವರೇ ಭಾದ್ರಪದದ ಚೌತಿಯಂದು ಬದುವಿನಿಂದ ಎಳೆಯ ಗರಿಕೆಯನ್ನು ಆರಿಸಿ ತಂದು, ಇಪ್ಪತ್ತೊಂದರ ಲೆಕ್ಕದಲ್ಲಿ ಗಣಪತಿಗೆ ಏರಿಸುತ್ತಿದ್ದರು. ಅದೇ ಮನೆಯ ಹೆಣ್ಣುಮಕ್ಕಳು ತವರಿನ ವಂಶವು ಗರಿಕೆಯ ಕುಡಿಯಂತೆ ಹಬ್ಬಲೆಂದು ಹಾರೈಸುತ್ತಿದ್ದರು. ದ್ವೇಷಕ್ಕೂ ಪೂಜೆಗೂ ಕಾರಣವಾದುದು ಆ ಹುಲ್ಲಿನ ಒಂದೇ ಗುಣ, ಸಾಯಲೊಲ್ಲದ ಛಲ.

ಹುಲ್ಲನ್ನು ಹುಲ್ಲಿಗಾಗಿಯೇ ಬೆಳೆಸಿ, ದನ ಕಟ್ಟದೆ, ಕೊಯ್ದು ಮೆದೆಯೊಟ್ಟದೆ, ಕಣ್ಣಿನ ತಣಿವಿಗಾಗಿ ಮಾತ್ರ ಇಟ್ಟುಕೊಳ್ಳುವ ಪದ್ಧತಿ ನಮ್ಮ ಹಳೆಯ ಉದ್ಯಾನಗಳಲ್ಲಿ ಇರಲಿಲ್ಲ. ಹೈದರನು 1760ರಲ್ಲಿ ಮೊದಲುಮಾಡಿ ಟಿಪ್ಪು ಬೆಳೆಸಿದ ಲಾಲ್‌ಬಾಗನ್ನು ಅದೇ ಬುಕಾನನನು ನೋಡಿದಾಗ ಅವನಿಗೆ ಕಂಡದ್ದು ಚೌಕಚೌಕದ ಮಡಿಗಳು, ನಡುವೆ ನಡೆದಾಡುವ ಹಾದಿಗಳು, ಹಾದಿಯ ಅಂಚಿಗೆ ಸೈಪ್ರೆಸ್ ಮರಗಳು, ಒಂದು ಮಡಿಯ ತುಂಬ ಗುಲಾಬಿಯಾದರೆ ಇನ್ನೊಂದರ ತುಂಬ ದಾಳಿಂಬೆ. ವಿಶಾಲವಾದ ಹಸಿರು ಬಯಲೊಂದು ಆ ವಿನ್ಯಾಸದಲ್ಲಿ ಬರಲಿಲ್ಲ. ಬೇಸಗೆಯಲ್ಲಿ ಬಾವಿಯಿಂದ ಕಪಿಲೆಯಲ್ಲಿ ಮೊಗೆದು ತೆಗೆದ ನೀರನ್ನು ಹಣ್ಣೂ ಹೂವೂ ಕೊಡದ ಹುಲ್ಲಿಗೆ ಎರೆಯುವುದು ಅಂದಿನ ತೋಟಗಾರರಿಗೆ ಅರ್ಥವಿಲ್ಲದ ಕಾರ್ಯವಾಗಿ ತೋರುತ್ತಿತ್ತು. ಆ ತೋಟಗಾರರು ಬಹುಮಟ್ಟಿಗೆ ತಿಗಳ ಸಮುದಾಯದವರು. ಇಂದಿಗೂ ಚೈತ್ರದ ಹುಣ್ಣಿಮೆಯಲ್ಲಿ ಧರ್ಮರಾಯನ ಗುಡಿಯಿಂದ ಕರಗವನ್ನು ಹೊರುವವರು. ಬೆಂಗಳೂರಿನ ಹೂವು, ಸೊಪ್ಪು, ತರಕಾರಿಗಳ ಚರಿತ್ರೆ ಅವರ ಗುದ್ದಲಿಯ ಚರಿತ್ರೆಯೇ.

ದಂಡುಪ್ರದೇಶವು 1809ರಲ್ಲಿ ನೆಲೆಗೊಂಡಮೇಲೆ ಬಂಗಲೆ ಬಂತು, ಬಂಗಲೆಯ ಸುತ್ತ ಕಾಂಪೌಂಡು ಬಂತು, ಕಾಂಪೌಂಡಿನ ನಡುವೆ ಹುಲ್ಲಿನ ಅಂಗಳ ಬಂತು. ತವರನ್ನು ನೆನೆದು ಇಂಗ್ಲೆಂಡಿನಿಂದ ತರಿಸಿದ ಶೀತದೇಶದ ಹುಲ್ಲಿನ ಬೀಜಗಳಿಗೆ ನಮ್ಮ ಚೈತ್ರ ವೈಶಾಖಗಳ ಬಿಸಿಲು ಸಹ್ಯವಾಗತಕ್ಕದ್ದಲ್ಲ. ಆದುದರಿಂದ ಆ ಜನ ಕೊನೆಗೆ ಶರಣಾದುದು ನಮ್ಮ ಬದುವಿನ ಗರಿಕೆಗೆ. ಅವರು ಅದನ್ನು ದೂಬ್ ಎಂದು ಕರೆದರು; ಅದು ಸಂಸ್ಕೃತದ ದೂರ್ವಾ ಶಬ್ದವು ಹಿಂದಿಯ ಮೂಲಕ ಸವೆದು ಬಂದ ರೂಪ. ಹೊಲದಿಂದ ಕಿತ್ತೆಸೆದ ಬೇರನ್ನೇ ಬಂಗಲೆಯ ಮಾಲಿಯು ಬುಟ್ಟಿಯಲ್ಲಿ ಹೊತ್ತು ತಂದು, ಗೇಣಿಗೊಂದು ಕುಡಿಯಂತೆ ನೆಟ್ಟು, ನೀರೆರೆದು ಸಾಕಿದನು. ಇನ್ನೊಂದು ಕ್ರಮವೂ ಉಂಟು: ಗರಿಕೆಯನ್ನು ಬೆರಳುದ್ದ ಕತ್ತರಿಸಿ, ಹಸಿ ಸಗಣಿ, ಮಣ್ಣು, ನೀರುಗಳ ಬಗ್ಗಡದಲ್ಲಿ ಕಲಸಿ, ಸಮಮಾಡಿದ ನೆಲಕ್ಕೆ ಬಳಿಯುವುದು. ಅಂಗಳ ಸಾರಿಸಿದ ಕೈಗಳಿಗೆ ಇದಕ್ಕಿಂತ ಪರಿಚಿತವಾದ ಕೆಲಸವೊಂದುಂಟೆ?

ಲಾಲ್‌ಬಾಗು 1856ರಲ್ಲಿ ಸರ್ಕಾರದ ಸಸ್ಯೋದ್ಯಾನವಾಯಿತು. 1874ರಲ್ಲಿ ಬಂದ ಜಾನ್ ಕ್ಯಾಮರನ್, 1908ರಲ್ಲಿ ಅವನ ಸ್ಥಾನಕ್ಕೆ ಬಂದ ಜರ್ಮನ್ ತಜ್ಞ ಕ್ರುಂಬಿಗೆಲ್, ಇವರ ಕಾಲದಲ್ಲಿ ಹುಲ್ಲುಹಾಸು ನಗರದ ಉದ್ಯಾನಕಲೆಯ ಒಂದು ಅಂಗವೇ ಆಗಿಹೋಯಿತು. ಇವೆಲ್ಲ ಬೇರೆಯವರು ವಿಸ್ತಾರವಾಗಿ ಬರೆದ ಸಂಗತಿಗಳು. ನನ್ನ ಮನಸ್ಸು ಎಳೆಯುವುದು ನಗರದ ಹೊರಗಣ ಊರುಗಳ ಕಡೆಗೆ.

1882ರಲ್ಲಿ ಚಾಮರಾಜೇಂದ್ರ ಒಡೆಯರು ಯೂರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ ಸುಮಾರು 3,900 ಎಕರೆ ನೆಲವನ್ನು ದಯಪಾಲಿಸಿದರು. ಸಂಘದ ಮುಖಂಡ ಡಿ. ಎಸ್. ವೈಟರ ಹೆಸರಿನಿಂದ ಆ ನೆಲೆಗೆ ವೈಟ್‌ಫೀಲ್ಡ್ ಎಂದಾಯಿತು. ಕಚೇರಿಯ ಚಾಕರಿಯನ್ನೇ ನೆಚ್ಚಿದ್ದ ತಮ್ಮ ಜನ ಮಣ್ಣಿಗೆ ಇಳಿದು ಸ್ವತಂತ್ರವಾಗಿ ಬಾಳಬೇಕೆಂಬುದು ವೈಟರ ಉದಾತ್ತವಾದ ಆಶಯ. ಊರನ್ನು ವೃತ್ತಾಕಾರವಾಗಿ ಕಟ್ಟಿದರು. ನಡುವೆ ಬಯಲು, ಬಯಲನ್ನು ಸುತ್ತಿ ಒಳವೃತ್ತದ ಬೀದಿ, ಬೀದಿಗೆ ಮುಖಮಾಡಿ ಹಂಚಿನ ಮನೆಗಳು, ಮನೆಗಳ ಹಿಂದೆ ತೋಟದ ನೆಲ. ಬೇಸಾಯದಲ್ಲಿ ಬಹುಮಂದಿಗೆ ಕೈ ಹತ್ತಲಿಲ್ಲ. ಕಾಲಕ್ರಮದಲ್ಲಿ ಅದು ನಿವೃತ್ತರಾದವರ ಪ್ರಶಾಂತವಾದ ಊರಾಗಿ ಉಳಿಯಿತು. ಆದರೆ ಮನೆಯ ಮುಂದಣ ಪುಟ್ಟ ಹಸಿರಂಗಳವು ಈ ಸೀಮೆಗೆ ಪರಿಚಯವಾದುದು ಇಂಥ ನೆಲೆಯಿಂದಲೇ ಎಂದು ನಾನು ನಂಬುತ್ತೇನೆ. ಅಂಗಳಗಳಿಗೆ ಕೂಲಿಗೆ ಬಂದವರು ಸುತ್ತಣ ಹಳ್ಳಿಗಳವರಲ್ಲದೆ ಇನ್ನಾರು? ಬೆಳಗ್ಗೆ ತಮ್ಮ ಹೊಲದಲ್ಲಿ ಗರಿಕೆಯನ್ನು ಕಿತ್ತು, ಮಧ್ಯಾಹ್ನ ಇನ್ನೊಬ್ಬರ ಅಂಗಳದಲ್ಲಿ ಅದನ್ನೇ ನೆಡುವ ದಿನಚರಿ ಅವರಿಗೆ ಸಹಜವಾಗಿ ಒಗ್ಗಿಹೋಗಿರಬೇಕು.

ವೈಟ್‌ಫೀಲ್ಡಿಗೆ ಮುಂಚೆ ಅಲ್ಲಿ ಬರಿಯ ಕಾಡಿತ್ತೆಂದು ಯಾರೂ ತಿಳಿಯಬಾರದು. ಇಂದು ಐಟಿ ಪಾರ್ಕಿನ ಗೋಪುರಗಳು ನಿಂತಿರುವ ಪಟ್ಟಂದೂರು ಅಗ್ರಹಾರದ ಕೆರೆಯ ಪ್ರಸ್ತಾಪವು ಕಾಡುಗೋಡಿಯ ಹನ್ನೊಂದನೆಯ ಶತಮಾನದ ಚೋಳರ ಕಾಲದ ಶಾಸನದಲ್ಲಿ ಬರುತ್ತದೆ. ಕೆರೆ, ಕೆರೆಯ ಕೆಳಗೆ ಗದ್ದೆ, ಮೇಲೆ ರಾಗಿಯ ಹೊಲ, ಅದರಾಚೆ ಊರ ದನಗಳಿಗೆ ಗೋಮಾಳ: ಈ ನಾಲ್ಕು ಅಂಕಣಗಳ ಮನೆಯಂತೆ ಪ್ರತಿ ಹಳ್ಳಿಯೂ ನಿಂತಿತ್ತು. ಗೋಮಾಳವೆಂಬುದು ಯಾರೂ ಬಿತ್ತದ, ಎಲ್ಲರಿಗೂ ಸೇರಿದ ಹುಲ್ಲುಹಾಸು. ಪ್ರತಿ 100 ದನಗಳಿಗೆ 12 ಹೆಕ್ಟೇರಿನಂತೆ ಗೋಮಾಳವನ್ನು ಕಾದಿಡಬೇಕೆಂದು ಕರ್ನಾಟಕ ಭೂಕಂದಾಯ ನಿಯಮಗಳು 1966ರಲ್ಲಿ ಬರಹದಲ್ಲಿ ಹೇಳಿದುವು. ಅದೇ ವರ್ಷವೇ ಕೈಗಾರಿಕಾ ಪ್ರದೇಶಗಳಿಗಾಗಿ ನೆಲವನ್ನು ವಶಪಡಿಸಿಕೊಳ್ಳುವ ಅಧಿನಿಯಮವೂ ಬಂತು. ಒಂದು ಕಾಯಿದೆ ಹುಲ್ಲನ್ನು ಕಾಯುವುದಕ್ಕೆ, ಇನ್ನೊಂದು ಆ ನೆಲದ ಮೇಲೆ ಕಾರ್ಖಾನೆಗಳನ್ನು ಎಬ್ಬಿಸುವುದಕ್ಕೆ. ಮುಂದಿನ ಅರ್ಧಶತಮಾನದಲ್ಲಿ ಯಾವುದರ ಕೈ ಮೇಲಾಯಿತೆಂಬುದನ್ನು ಈ ಹಾದಿಯಲ್ಲಿ ಸಂಚರಿಸುವ ಯಾರಾದರೂ ನೋಡಬಹುದು. ದನಗಳು ಮೇಯಲು ನೆಲವಿಲ್ಲದೆ ಕೊಟ್ಟಿಗೆಗಳು ಬರಿದಾದ ಬಗೆಯನ್ನು ನೆನೆದಾಗ ನನಗೆ ಈಗಲೂ ವ್ಯಥೆಯಾಗುತ್ತದೆ.

ಕಾರ್ಖಾನೆಗಳ ಕಾಲ ಮೊದಲಾದುದು ಇದಕ್ಕಿಂತ ಸ್ವಲ್ಪ ಹಿಂದೆ. 1948ರಲ್ಲಿ ದೂರವಾಣಿ ಕಾರ್ಖಾನೆ, 1953ರಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ, 1954ರಲ್ಲಿ ಅದರ ನೆರೆಯಲ್ಲಿಯೇ ಬಿಇಎಲ್, ಹೀಗೆ ರಾಷ್ಟ್ರದ ದೊಡ್ಡ ಉದ್ಯಮಗಳು ನಗರದ ಅಂಚಿಗೆ ಬಂದು ನೆಲಸಿದಾಗ, ಅವು ಯಂತ್ರಶಾಲೆಗಳ ಜೊತೆಗೆ ನೌಕರರ ವಸತಿಗಳನ್ನೂ ಉದ್ಯಾನಗಳನ್ನೂ ಕಟ್ಟಿದುವು. ಹೆಬ್ಬಾಗಿಲಿನಿಂದ ಆಡಳಿತ ಕಚೇರಿಯವರೆಗೆ ಹಬ್ಬಿದ ಹುಲ್ಲುಹಾಸು ಸ್ವತಂತ್ರ ಭಾರತದ ಆತ್ಮಗೌರವದ ಒಂದು ಕುರುಹಿನಂತಿತ್ತು. ಅದನ್ನು ನೋಡಿಕೊಳ್ಳುವ ತೋಟದ ಕೆಲಸಗಾರರಿಗೂ ತಿಂಗಳ ಸಂಬಳ ಸಿಗುತ್ತಿತ್ತು. ಹಳ್ಳಿಯ ಮಗನೊಬ್ಬನಿಗೆ ತನ್ನ ಕುಲದ ವಿದ್ಯೆಗೆ ಸಂಬಳವೆಂಬುದು ದೊರೆಯಿತು. 1970ರ ದಶಕದ ಕೊನೆಗೆ ರೂಪುಗೊಂಡ ಪೀಣ್ಯದ ಕೈಗಾರಿಕಾ ಪ್ರದೇಶದಲ್ಲಾದರೋ ಇಂಥ ವೈಶಾಲ್ಯಕ್ಕೆ ಎಡೆಯಿರಲಿಲ್ಲ. ಅಲ್ಲಿದ್ದುವು ಸಣ್ಣ ಉದ್ಯಮಗಾರರ ಶೆಡ್ಡುಗಳು. ಆದರೂ ಕಬ್ಬಿಣದ ಸಿಬರೂ ಎಣ್ಣೆಯೂ ಬೆರೆತ ಅಲ್ಲಿನ ಮಣ್ಣನ್ನು ಮೊಳದಾಳ ಅಗೆದು ಹೊರಗೆ ಹಾಕಿ, ಹೊಸ ಕೆಮ್ಮಣ್ಣು ತುಂಬಿಸಿ, ಬಾಗಿಲ ಮುಂದಣ ಗಣಪನ ಗೂಡಿನ ಸುತ್ತ ಒಂದು ಚಾಪೆಯಷ್ಟಗಲ ಗರಿಕೆಯನ್ನು ಬೆಳೆಸಿಕೊಂಡವರನ್ನು ನಾನು ನೋಡಿದ್ದೇನೆ. ಪೂಜೆಗೆ ಬೇಕಾದ ದೂರ್ವೆ ಅಲ್ಲಿಯೇ ಸಿಕ್ಕುತ್ತಿತ್ತು. ಆಯುಧಪೂಜೆಯ ದಿನ ಲೇತಿಗೆ ಇಟ್ಟ ಕುಂಕುಮದ ಜೊತೆಗೆ ಒಂದೆರಡು ಎಸಳು ಗರಿಕೆಯೂ ಇರುತ್ತಿತ್ತು.

ತೆಂಕಣ ದಿಕ್ಕಿನಲ್ಲಿ, ಹೊಸೂರು ರಸ್ತೆಯ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ನೆಲದಲ್ಲಿ ಆರ್. ಕೆ. ಬಾಳಿಗರ ಕಲ್ಪನೆಯಂತೆ, 1976ರಲ್ಲಿ ಹುಟ್ಟಿದ ಕಿಯೋನಿಕ್ಸ್ ಸಂಸ್ಥೆಯು 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಮೊದಲುಮಾಡಿತು. 1994ರಲ್ಲಿ ಇನ್ಫೋಸಿಸ್ ತನ್ನ ಮುಖ್ಯಕಚೇರಿಯನ್ನು ಅಲ್ಲಿಗೆ ತಂದಿತು. ಅದೇ ವರ್ಷ ವೈಟ್‌ಫೀಲ್ಡಿನಲ್ಲಿ ಸಿಂಗಪುರದ ಸಹಭಾಗಿತ್ವದ ಐಟಿ ಪಾರ್ಕಿಗೆ ನಾಂದಿಯಾಯಿತು. ಅಲ್ಲಿಂದಾಚೆಗೆ ಹುಲ್ಲುಹಾಸು ಕಚೇರಿಯ ಅಲಂಕಾರ ಮಾತ್ರವಾಗಿ ಉಳಿಯದೆ, ದೂರದೇಶದಿಂದ ಬಂದ ವ್ಯಾಪಾರಿಗೆ ಇದು ಬೇರೆಯೇ ಒಂದು ಲೋಕವೆಂದು ಮೊದಲ ನೋಟದಲ್ಲಿಯೇ ಹೇಳುವ ಸಾಧನವಾಯಿತು. ಹಿಂದಣ ಸುಗ್ಗಿಯವರೆಗೆ ರಾಗಿಯಿದ್ದ ನೆಲ, ಜೆಸಿಬಿಯ ಹಲ್ಲಿಗೆ ಸಿಕ್ಕಿ ಮೇಲ್ಮಣ್ಣನ್ನು ಕಳೆದುಕೊಂಡು, ಕಾಂಕ್ರೀಟಿನ ಚೂರುಗಳಿಂದ ಗಾಯಗೊಂಡು, ಕೊನೆಯಲ್ಲಿ ತೋಟಗಾರನ ಕೈಗೆ ಬರುತ್ತಿತ್ತು. ಬರಿಮಣ್ಣಿನಿಂದ ಹಸಿರನ್ನು ಎಬ್ಬಿಸುವ ವಿದ್ಯೆಗೆ ಅದಕ್ಕಿಂತ ಕಠಿನವಾದ ಪರೀಕ್ಷೆ ಮತ್ತೊಂದಿಲ್ಲ.

ಆ ವಿದ್ಯೆಯನ್ನು ನಾನು ಹತ್ತಿರದಿಂದ ನೋಡಿದುದು ಮೊದಲು ಹೇಳಿದ ವೃದ್ಧರ ಬಳಿಯಲ್ಲಿ. ಹೊಸಕೋಟೆ ತಾಲ್ಲೂಕಿನ ಒಂದು ಹಳ್ಳಿಯವರು. ಹೊಲ ಹೋದಮೇಲೆ ಮೂವತ್ತು ವರ್ಷ ಕಾರ್ಖಾನೆಗಳ ತೋಟಗಳಲ್ಲಿ ದುಡಿದವರು. ವೈಶಾಖದಲ್ಲಿಯೇ ಅವರು ನೆಲವನ್ನು ಒಂದಡಿ ಅಗೆಸಿ, ಹೆಂಟೆಯನ್ನು ಬಿಸಿಲಿಗೆ ಮೊಗಚಿಟ್ಟಿದ್ದರು. ಕಲ್ಲು, ಗಾರೆ, ಬೇರುಗಳನ್ನು ಆರಿಸಿದಮೇಲೆ ಬೀಜವನ್ನು ಬಿತ್ತದೆ, ಎರಡು ಸಾರಿ ನೀರು ಹಾಯಿಸಿ ಸುಮ್ಮನೆ ಕಾದರು. ಹುಡುಗರಿಗೆ ಆತುರ. ಹತ್ತು ದಿನದಲ್ಲಿ ಮಣ್ಣಿನ ಹೊಟ್ಟೆಯಲ್ಲಿ ಅಡಗಿದ್ದ ಕಳೆಯೆಲ್ಲ ಎದ್ದಿತು: ಪಾರ್ಥೇನಿಯಂ, ಕೊನ್ನಾರಿಗೆಡ್ಡೆ, ಮುಟ್ಟಿದರೆ ಮುನಿ. ಅದನ್ನೆಲ್ಲ ಹರಗಿ, ಮತ್ತೆ ನೀರು, ಮತ್ತೆ ಕಾಯುವಿಕೆ. “ಒಳಗಿರೋ ಕಳ್ಳನ್ನ ಮೊದ್ಲು ಹೊರಕ್ಕೆ ಕರೀಬೇಕು ಸ್ವಾಮಿ, ಆಮ್ಯಾಕೆ ನಮ್ಮೋರನ್ನ ಒಳಕ್ಕೆ ಕರ್ಕೊಬೇಕು.” ಮುಂಗಾರಿನ ಮೊದಲ ಮಳೆಗೆ ಎದ್ದ ಕಳೆಯನ್ನು ಕುಂಟೆಯಿಂದ ಕೊಂದ ಮೇಲೆಯೇ ರಾಗಿಗೆ ಕೈಹಾಕುತ್ತಿದ್ದ ಹಳೆಯ ಪದ್ಧತಿಯೇ ಇದು.

ಬೀಜವನ್ನು ಅವರು ನನ್ನ ಅಂಗೈಯಲ್ಲಿ ಹಾಕಿದರು. ಧೂಳೆಂದು ಉಸಿರಿನಿಂದ ಊದಿಬಿಡುವಷ್ಟು ಸಣ್ಣದು. ರಾಗಿಗಿಂತ ಹತ್ತು ಪಾಲು ಹಗುರ. ಒಂದು ಕಿಲೋದಲ್ಲಿ ಸುಮಾರು 40 ಲಕ್ಷ ಬೀಜ. ನಮ್ಮ ಬದುವಿನ ಗರಿಕೆ ಬೀಜಕ್ಕಿಂತ ಹೆಚ್ಚಾಗಿ ಕುಡಿಯಿಂದಲೇ ವಂಶವನ್ನು ಬೆಳೆಸತಕ್ಕದ್ದಾದುದರಿಂದ, ಲೋಕದ ಪೇಟೆಗೆ ಬರುವ ಗರಿಕೆಬೀಜದ ಬಹುಭಾಗ ಅಮೆರಿಕದ ಆರಿಜೋನಾ, ಕ್ಯಾಲಿಫೋರ್ನಿಯಾಗಳ ಮರುಭೂಮಿಯ ನೀರಾವರಿ ಹೊಲಗಳಲ್ಲಿ ಬೆಳೆದುದು. ಗಣಪತಿಯ ದೂರ್ವೆ ಬರ್ಮುಡಾ ಹುಲ್ಲೆಂಬ ಹೆಸರನ್ನು ತೊಟ್ಟು, ಅರ್ಧ ಭೂಮಂಡಲವನ್ನು ಸುತ್ತಿ, ತನ್ನದೇ ನೆಲಕ್ಕೆ ಪೊಟ್ಟಣದಲ್ಲಿ ಹಿಂದಿರುಗುತ್ತದೆ ಎಂಬುದು ನನಗೆ ಆ ಕ್ಷಣದಲ್ಲಿ ಬಹಳ ಸೋಜಿಗವಾಗಿ ತೋರಿತು.

ಇನ್ನೂರು ಚದರ ಮೀಟರಿಗೆ ಅರ್ಧ ಕಿಲೋ ಎಂಬುದು ಲೆಕ್ಕ. ಎಕರೆಗೆ ಹತ್ತು ಕಿಲೋ. ರಾಗಿಗಾದರೋ ಎಕರೆಗೆ ನಾಲ್ಕೈದು ಕಿಲೋ ಸಾಕು. ಒಂದು ಚದರಡಿಗೆ ರಾಗಿ ಮೂವತ್ತು ನಾಲ್ವತ್ತು ಕಾಳು ಬಿದ್ದರೆ, ಗರಿಕೆ ಒಂಬೈನೂರರ ಹತ್ತಿರ ಬೀಳಬೇಕು. ಇಷ್ಟು ಹಗುರವಾದುದನ್ನು ಇಷ್ಟು ಸಮನಾಗಿ ಹರಡುವುದು ಬರಿಗೈಗೆ ಸಾಧ್ಯವಲ್ಲವಾದುದರಿಂದ ಅವರು ಬೀಜದ ಎರಡರಷ್ಟು ಜರಡಿಯಾಡಿದ ಮರಳನ್ನು ಬೆರೆಸಿದರು. ಮಿಶ್ರಣವನ್ನು ಎರಡು ಮೊರಗಳಲ್ಲಿ ಸಮಪಾಲುಮಾಡಿದರು. ಗಾಳಿ ಬೀಳಲೆಂದು ಕಾದು, ಮೊದಲ ಮೊರವನ್ನು ಸೊಂಟಕ್ಕೆ ಆನಿಸಿಕೊಂಡು ಮೂಡಣದಿಂದ ಪಡುವಣಕ್ಕೆ ನಡೆಯುತ್ತ ಚೆಲ್ಲಿದರು. ಎರಡನೆಯದನ್ನು ತೆಂಕಣದಿಂದ ಬಡಗಣಕ್ಕೆ. ಅವರ ಹೆಜ್ಜೆಗೂ ಕೈಯ ಬೀಸಿಗೂ ಒಂದು ತಾಳವಿತ್ತು. ಎಡಗಾಲು ಊರಿದಾಗ ಮುಷ್ಟಿ ಮೊರಕ್ಕೆ ಇಳಿಯುತ್ತಿತ್ತು, ಬಲಗಾಲು ಊರಿದಾಗ ಬೆರಳುಗಳು ಅರ್ಧಚಂದ್ರಾಕಾರವಾಗಿ ಬಿಚ್ಚಿಕೊಳ್ಳುತ್ತಿದ್ದುವು. ಆ ತಾಳ ಹುಲ್ಲುಹಾಸಿಗೆ ಹುಟ್ಟಿದುದಲ್ಲ. ಕೂರಿಗೆಯಿಲ್ಲದ ಬಡ ಒಕ್ಕಲಿನವರು ರಾಗಿಯನ್ನು ಕೈಯಿಂದ ಚೆಲ್ಲುವಾಗ ನಡೆದ ನಡಿಗೆಯೇ ಅದು. ಬಾಲ್ಯದಲ್ಲಿ ನಮ್ಮ ತಾತ ಹೊಲದಲ್ಲಿ ಹೀಗೆ ನಡೆದುದನ್ನು ನೋಡಿದ್ದ ನನಗೆ, ಆ ಕಚೇರಿಯ ಗಾಜಿನ ಗೋಡೆಯ ಮುಂದೆ ಕಣ್ಣು ತುಂಬಿ ಬಂತು.

ಬಳಿಕ ರೇಕಿನ ಬೆನ್ನಿನಿಂದ ಮಣ್ಣನ್ನು ಬರಿದೆ ಸವರಿ, ಉರುಳೆಯನ್ನು ಹಗುರವಾಗಿ ಹಾಯಿಸಿ, ರೋಸ್‌ಕ್ಯಾನಿನಿಂದ ಮಂಜಿನಂತೆ ನೀರು ಚಿಮುಕಿಸಿದರು. ಉರುಳೆಯ ಉಪಯೋಗವೂ ಅವರಿಗೆ ಹೊಸದಾಗಿರಲಿಲ್ಲ. ರಾಗಿ ಒಕ್ಕುವ ಕಣವನ್ನು ಅದೇ ಮುಂಜಾಗ್ರತೆಯಿಂದ ನೀರು ಚಿಮುಕಿಸಿ, ರೋಣಗಲ್ಲು ಹಾಯಿಸಿ ಗಟ್ಟಿಮಾಡುತ್ತಿದ್ದರು. ಹುಲ್ಲನ್ನು ತುಳಿದಷ್ಟೂ, ಕತ್ತರಿಸಿದಷ್ಟೂ ಅದು ಬುಡದಲ್ಲಿ ಮರಿಯೊಡೆದು ದಟ್ಟವಾಗುತ್ತದೆಂಬ ರಹಸ್ಯವು ಆಂಗ್ಲ ತೋಟಗಾರರಿಗೆ ಮಾತ್ರ ತಿಳಿದುದೆಂದು ನಾವು ಭಾವಿಸುವುದುಂಟು. ಗ್ಲಾಸ್ಟರ್‌ಷೈರಿನ ಎಡ್ವಿನ್ ಬಡ್ಡಿಂಗ್ ಎಂಬಾತ ಉಣ್ಣೆಬಟ್ಟೆಯ ನವಿರನ್ನು ಕತ್ತರಿಸುವ ಗಿರಣಿಯ ಯಂತ್ರವನ್ನು ಕಂಡು 1830ರಲ್ಲಿ ಹುಲ್ಲು ಕತ್ತರಿಸುವ ಯಂತ್ರವನ್ನು ನಿರ್ಮಿಸಿದುದು ನಿಜ. ಆದರೆ ನಮ್ಮ ಹಾವೇರಿ ಸೀಮೆಯ ಗುಳಿ ರಾಗಿಯ ಪದ್ಧತಿಯಲ್ಲಿ ಎಳೆಯ ಪೈರಿನ ಮೇಲೆ ಎತ್ತು ಕಟ್ಟಿ ಕೊರಡನ್ನು ಎಳೆಸುತ್ತಾರೆ. ನೆಲಕ್ಕೆ ಬಾಗಿ ಗಾಯಗೊಂಡ ಪೈರು ಬುಡದಿಂದ ಹಲವು ತೆಂಡೆಗಳನ್ನು ಬಿಟ್ಟು ಎದ್ದು ನಿಲ್ಲುತ್ತದೆ. ತೃಣಜಾತಿಯ ಜೀವ ತುದಿಯಲ್ಲಿಲ್ಲ, ನೆಲಮಟ್ಟದಲ್ಲಿದೆ ಎಂಬ ಸತ್ಯವನ್ನು ಕೊರಡು ಹೊಡೆಯುವ ಒಕ್ಕಲಿಗನು ಯಂತ್ರದ ಸಹಾಯವಿಲ್ಲದೆಯೇ ಅರಿತಿದ್ದನು.

ಈಗ ಈ ವಿದ್ಯೆಗೆ ಕರೆ ಕಡಮೆಯಾಗುತ್ತಿದೆ. ಹೊಸ ಕಟ್ಟಡಗಳ ಮುಂದೆ ಬೀಜ ಬಿತ್ತಿ ಕಾಯುವವರಿಲ್ಲ. ಲಾರಿಯಲ್ಲಿ ಮೆಕ್ಸಿಕನ್ ಹುಲ್ಲಿನ ಚಾಪೆಗಳು ಬಂದಿಳಿಯುತ್ತವೆ, ಉದ್ಘಾಟನೆಯ ಹಿಂದಿನ ರಾತ್ರಿ ಇಟ್ಟಿಗೆಯಂತೆ ಜೋಡಿಸಿಟ್ಟರೆ ಬೆಳಗ್ಗೆಗೆ ಹಸಿರು ಸಿದ್ಧ. ಅದರ ಅಡಿಯ ಮಣ್ಣನ್ನು ಯಾರೂ ಮುಟ್ಟಿ ನೋಡಿರುವುದಿಲ್ಲ. ಆದುದರಿಂದಲೇ ಒಂದು ಬೇಸಗೆಯಲ್ಲಿ ಅದು ಅಂಚಿನಿಂದ ಸುಟ್ಟುಕೊಂಡು ಬರುತ್ತದೆ, ಮತ್ತೆ ಲಾರಿ ಬರುತ್ತದೆ. ನೀರಿನ ಪ್ರಶ್ನೆಯಂತೂ ಇನ್ನೂ ಗಂಭೀರವಾದುದು. ಸುಮಾರು ನೂರು ಕಿಲೋಮೀಟರು ದೂರದ ಕಾವೇರಿಯನ್ನು ಬೆಟ್ಟದೆತ್ತರಕ್ಕೆ ಎತ್ತಿ ತರುವ ಈ ನಗರದಲ್ಲಿ, 2024ರ ಮಾರ್ಚಿಯಲ್ಲಿ, ಕೊಳವೆಬಾವಿಗಳು ಬತ್ತಿದಾಗ, ಕುಡಿಯುವ ನೀರನ್ನು ತೋಟಕ್ಕೆ ಹಾಯಿಸಿದವರಿಗೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಬೇಕಾಯಿತು. ಆ ಆಜ್ಞೆ ನ್ಯಾಯವಾದುದೇ. ಮಳೆಯ ಹದವನ್ನು ನೋಡಿ ಬಿತ್ತಿ, ಆಳಕ್ಕೆ ಸಡಿಲಿಸಿದ ಮಣ್ಣಿನಲ್ಲಿ ಬೇರನ್ನು ಕೆಳಕ್ಕೆ ಇಳಿಸಿಕೊಂಡ ಗರಿಕೆ, ಮಾಘ ಫಾಲ್ಗುಣಗಳಲ್ಲಿ ಕಂದಿದರೂ ಸಾಯುವುದಿಲ್ಲ. ಮೊದಲ ಮಳೆಗೆ ಮರಳಿ ಚಿಗುರುತ್ತದೆ. ಬೇಸಗೆಯಲ್ಲಿ ಹೊಲ ಕಂದಾಗಿರುವುದು ಅವಮಾನವೆಂದು ನಮ್ಮ ಹಿರಿಯರಿಗೆ ಎಂದೂ ತೋರಿರಲಿಲ್ಲ. ವರ್ಷವಿಡೀ ಹಸಿರಾಗಿರಲೇಬೇಕೆಂಬ ಹಟ ನಮ್ಮ ಋತುಮಾನಕ್ಕೆ ಸಲ್ಲತಕ್ಕದ್ದಲ್ಲವೆಂದೇ ನನ್ನ ಅಭಿಪ್ರಾಯ.

ಬಿತ್ತಿದ ಐದನೆಯ ದಿನ ನಾನು ಮತ್ತೆ ಹೋದಾಗ ನೆಲದಲ್ಲಿ ಅಲ್ಲಲ್ಲಿ ಹಸಿರು ಸೂಜಿಗಳು ಎದ್ದಿದ್ದುವು. ಇಷ್ಟು ಬೇಗನೆಯೇ ಎಂದು ಸಂತೋಷಪಟ್ಟೆ. ಯಜಮಾನರು ತಲೆಯಾಡಿಸಿ ಒಂದನ್ನು ಕಿತ್ತು ತೋರಿಸಿದರು. ಬುಡ ಚಪ್ಪಟೆ, ಎಲೆ ಅಗಲ. ರಾಗಿ. ಬೀಜವನ್ನು ಹಕ್ಕಿಗಳಿಂದ ಕಾಯಲು ತೆಳುವಾಗಿ ಹರಡಿದ್ದ ರಾಗಿಹುಲ್ಲಿನ ತೆನೆಗಳಲ್ಲಿ ಉಳಿದಿದ್ದ ಕಾಳುಗಳು ಗರಿಕೆಗಿಂತ ಮೊದಲೇ ತಮ್ಮ ನೆಲವನ್ನು ಗುರುತಿಸಿಕೊಂಡಿದ್ದುವು. ರಾಗಿಯ ಹೊಲದಲ್ಲಿ ಗರಿಕೆ ಕಳೆಯಾದಂತೆ ಗರಿಕೆಯ ಹಾಸಿನಲ್ಲಿ ರಾಗಿಯೇ ಕಳೆ; ಅದರ ಕಾಡುದಾಯಾದಿಯಾದ ಎಲ್ಯೂಸಿನ್ ಇಂಡಿಕಾ ಎಂಬ ಹುಲ್ಲಂತೂ ಲೋಕದ ಹುಲ್ಲುಹಾಸುಗಳಿಗೆಲ್ಲ ಮೊಂಡುಕಳೆ. ಅವರು ಮಂಡಿಯೂರಿ ಒಂದೊಂದನ್ನೇ ಬೇರುಸಹಿತ ಬಿಡಿಸಿ ಬುಟ್ಟಿಗೆ ಹಾಕಿಕೊಂಡರು. ಗರಿಕೆ ಎದ್ದುದು ಮೂರನೆಯ ವಾರದಲ್ಲಿ, ಒಂದು ರಾತ್ರಿಯ ಸೋನೆಯಾದ ಮೇಲೆ. ಹಸಿರೆಂದು ಹೇಳಲೂ ಸಾಲದಂಥ, ಓರೆಯಾಗಿ ನೋಡಿದರೆ ಮಾತ್ರ ಕಾಣುವ ಒಂದು ನೆಳಲು.

ಆಷಾಢ ಕಳೆದು ಶ್ರಾವಣ ಬಂದಾಗ ಹುಲ್ಲು ಮೂರು ಬೆರಳೆತ್ತರವಾಗಿತ್ತು. ಕಚೇರಿಯವರು ಯಂತ್ರವನ್ನು ತರಿಸಿಟ್ಟಿದ್ದರು. ಯಜಮಾನರು ಅದನ್ನು ಶೆಡ್ಡಿಗೆ ಹಿಂದಕ್ಕೆ ಕಳುಹಿಸಿದರು. ಎಳೆಬೇರು ಇನ್ನೂ ನೆಲವನ್ನು ಬಿಗಿಹಿಡಿದಿಲ್ಲ, ಯಂತ್ರದ ಎಳೆತಕ್ಕೆ ಕಿತ್ತುಬರುತ್ತದೆ ಎಂದರು. ಮನೆಯಿಂದ ಕುಡುಗೋಲು ತಂದಿದ್ದರು, ಹಿಡಿ ಸವೆದು ಕಪ್ಪಾದದ್ದು, ಅವರ ತಂದೆಯ ಕಾಲದ್ದು. ಸಾಣೆಕಲ್ಲಿಗೆ ನೀರು ಚಿಮುಕಿಸಿ ಅಲಗನ್ನು ಮಸೆದರು. ಅನಂತರ ಹೊಲದ ಅಂಚಿನಲ್ಲಿ ಕುಳಿತವರಂತೆ ಮೂಡಣ ಮೂಲೆಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಎಡಗೈಯಿಂದ ಹುಲ್ಲನ್ನು ಹಿಡಿದೂ ಹಿಡಿಯದಂತೆ ಸವರುತ್ತ, ಸಾಲು ತಪ್ಪದೆ ಕೊಯ್ದುಕೊಂಡು ಹೊರಟರು. ಮೊದಲ ಹಿಡಿಯನ್ನು ಬಲಕ್ಕಿಟ್ಟರು, ರಾಗಿಯ ಅರಿಯನ್ನು ಇಡುವ ಹಾಗೆ.